ಸೊಸೆಗೆ ಹರಕೆ, ಮಗನಿಗೆ ಮೌನ!

ಕುಡಚಿ: ಬೆಳಿಗ್ಗೆ ಮೀರಜ ಕಡೆಯ ಗಾಡಿ ಸ್ಟೇಷನ್ನಿಗೆ ಬಂತೆಂದರೆ ಹತ್ತುವವರಲ್ಲಿ ದವಾಖಾನೆಗೆ ಹೊರಟವರು ಇದ್ದೇ ಇರುತ್ತಾರೆ. ಡಾ. ವಾನ್ಲೆಸ್ ಸಾಹೇಬರು 1894ರಲ್ಲಿ ಮೀರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಕೃಷ್ಣಾ ತೀರದ ಜನಕ್ಕೆ ಇದು ರೂಢಿ.

ಈ ಗಾಡಿಯಲ್ಲಿ ಕಾಣುವ ಒಂದು ಜೋಡಿ ಎಲ್ಲರಿಗೂ ಪರಿಚಿತ. ಕೈಯಲ್ಲಿ ಫೈಲು ಹಿಡಿದ ಸೊಸೆ, ಪಕ್ಕದಲ್ಲಿ ಅತ್ತೆ. ಮದುವೆಯಾಗಿ ನಾಲ್ಕು ವರ್ಷ, ತೊಟ್ಟಿಲು ತೂಗಿಲ್ಲ. ಫೈಲಿನಲ್ಲಿ ಸೊಸೆಯ ರಕ್ತಪರೀಕ್ಷೆ, ಸ್ಕ್ಯಾನು, ಗರ್ಭನಾಳದ ಎಕ್ಸರೇ ಎಲ್ಲ ಉಂಟು. ಗಂಡನದು ಒಂದು ಚೀಟಿಯೂ ಇಲ್ಲ! ಕೇಳಿದರೆ ಉತ್ತರ ಸಿದ್ಧ: "ಅವಂಗೇನಾಗೇದ್ರಿ? ಕಲ್ಲಿನಂಗ ಅದಾನ."

ಆದರೆ ಮೈಕಟ್ಟಿಗೂ ವೀರ್ಯಾಣುವಿಗೂ ಸಂಬಂಧವಿಲ್ಲ. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಎಲ್ಲಕ್ಕಿಂತ ಸುಲಭದ್ದು ಅವನ ವೀರ್ಯಪರೀಕ್ಷೆ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಡಬ್ಬಿಯಲ್ಲಿ ಮಾದರಿ ಕೊಟ್ಟರಾಯಿತು. ನೂರು ಗಂಡಸರಲ್ಲಿ ಸುಮಾರು ಒಬ್ಬನ ವೀರ್ಯದಲ್ಲಿ ಒಂದೂ ವೀರ್ಯಾಣು ಇರುವುದಿಲ್ಲ. ಬಯಾಪ್ಸಿಯ ಮಾತು ಬರುವುದು ಹೆಚ್ಚಾಗಿ ಇಂಥವರಿಗೇ.

ಗಿರಣಿ ಬಂದೋ, ರಸ್ತೆ ಬಂದೋ?

ಉಗಾರದ ಸಕ್ಕರೆ ಕಾರ್ಖಾನೆ ನೋಡಿದವರಿಗೆ ಇದು ಬೇಗ ತಿಳಿದೀತು. ಸಕ್ಕರೆ ಪೇಟೆಗೆ ಬರದಿದ್ದರೆ ಎರಡೇ ಕಾರಣ. ಗಿರಣಿಯೇ ನಿಂತಿರಬೇಕು, ಇಲ್ಲವೇ ಗಿರಣಿ ಓಡುತ್ತಿದ್ದರೂ ಲಾರಿ ಹೋಗುವ ರಸ್ತೆ ಬಂದಾಗಿರಬೇಕು. ವೃಷಣವೂ ಹಾಗೆಯೇ. ಜಾಗ ಮರಗಟ್ಟಿಸಿ ಇಲ್ಲವೇ ಮಂಪರು ಕೊಟ್ಟು, ಚಿಕ್ಕ ಗಾಯ ಮಾಡಿ, ಅಕ್ಕಿಕಾಳಿನಷ್ಟು ಅಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು.

ಹಿಂದೆ ಈ ಪರೀಕ್ಷೆ ಬರೀ ತೀರ್ಪು ಹೇಳುತ್ತಿತ್ತು. 1992ರಲ್ಲಿ ಬ್ರಸೆಲ್ಸ್ ವೈದ್ಯರು ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚಿ ಗರ್ಭ ನಿಲ್ಲಿಸಿದ 'ಇಕ್ಸಿ' ವಿಧಾನವನ್ನು ವರದಿ ಮಾಡಿದರು. ಅಲ್ಲಿಂದ ಬಯಾಪ್ಸಿಯೇ ಚಿಕಿತ್ಸೆಯ ಮೊದಲ ಮೆಟ್ಟಿಲಾಯಿತು. ರಸ್ತೆ ಬಂದಾದವರಿಗೆ ಕೆಲವೊಮ್ಮೆ ಆಪರೇಷನ್‌ನಿಂದ ದಾರಿ ತೆರೆಯಬಹುದು, ಇಲ್ಲವೇ ವೃಷಣದಿಂದಲೇ ವೀರ್ಯಾಣು ತೆಗೆಯಬಹುದು. ಗಿರಣಿಯೇ ನಿಂತವರಲ್ಲೂ ಸೂಕ್ಷ್ಮದರ್ಶಕ ಇಟ್ಟು ಹುಡುಕಿದರೆ ಸುಮಾರು ಅರ್ಧ ಜನರಲ್ಲಿ ಎಲ್ಲೋ ಮೂಲೆಯಲ್ಲಿ ವೀರ್ಯಾಣು ಸಿಗುವುದುಂಟು.

ಅವಸರದ ಕತ್ತರಿ ಬೇಡ

ಹಾಗೆಂದು ಮೊದಲ ದಿನವೇ ಟೇಬಲ್ ಮೇಲೆ ಮಲಗಬೇಕಾಗಿಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಜ್ವರ ಬಂದು ಹೋಗಿದ್ದರೂ ಎಣಿಕೆ ಇಳಿದೀತು. ಆದ್ದರಿಂದ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕು. ಮೈ ಬೆಳೆಸಲು ಟೆಸ್ಟೊಸ್ಟಿರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡವರು ಡಾಕ್ಟರಿಗೆ ಮುಚ್ಚಿಡಬಾರದು. ಅದೇ ಗಿರಣಿ ನಿಲ್ಲಿಸುವ ಮದ್ದು. ರಕ್ತದಲ್ಲಿ ಹಾರ್ಮೋನು, ಬೇಕಾದರೆ ವೈ ಕ್ರೋಮೋಸೋಮಿನ ಪರೀಕ್ಷೆ ಮೊದಲು ಆಗಲಿ. ಅದರಲ್ಲಿ ಕೆಲವು ದೋಷ ಕಂಡರೆ ಕೊಯ್ದೂ ಪ್ರಯೋಜನವಿಲ್ಲವೆಂದು ಮುಂಚೆಯೇ ತಿಳಿಯುತ್ತದೆ.

ಇನ್ನೊಂದು ಮಾತು ಕೇಳಲು ನಾಚಿಕೆ ಬೇಡ: "ಸಾಹೇಬ್ರ, ವೀರ್ಯಾಣು ಸಿಕ್ಕರ ಅಲ್ಲೇ ಫ್ರೀಜ್ ಮಾಡಿ ಇಡ್ತೀರೇನು?" ಇಡದಿದ್ದರೆ ಚಿಕಿತ್ಸೆಯ ದಿನ ಮತ್ತೊಂದು ಕೊಯ್ತ. ವೀರ್ಯಾಣು ಶೇಖರಿಸುವ ಕೇಂದ್ರಗಳು 2021ರ ಕಾಯಿದೆಯಂತೆ ನೋಂದಣಿಯಾಗಿರಬೇಕು. ಹಣ ಕಟ್ಟುವ ಮುಂಚೆ ಆ ಪ್ರಮಾಣಪತ್ರ ತೋರಿಸಿರೆಂದು ಕೇಳಿದರೆ ತಪ್ಪೇನೂ ಇಲ್ಲ.

ಗಂಡಸುತನ ಹೋದೀತೆ?

ಇದೇ ಎಲ್ಲರ ಒಳಗಿನ ಅಂಜಿಕೆ. ನಾಲ್ಕು ದಿನ ನೋವು, ಬಾವು ಇರಬಹುದು. ಅಪರೂಪಕ್ಕೆ ರಕ್ತ ಹೆಪ್ಪುಗಟ್ಟೀತು, ನಂಜಾದೀತು. ಆದರೆ ಇಂಥ ಸಣ್ಣ ಬಯಾಪ್ಸಿಯಿಂದ ಗಂಡಸುತನ ಹೋಗುವುದಿಲ್ಲ. ವೀರ್ಯಾಣು ಇಲ್ಲದವನೂ ಸಂಸಾರಕ್ಕೆ ಸಮರ್ಥನಿರುತ್ತಾನೆ. ಇವೆರಡೂ ಬೇರೆ ಬೇರೆ.

ಈ ಅಂಜಿಕೆಯ ಬೆಲೆ ಕೊಡುವವರು ಯಾರು? ಗಂಡ ಡಬ್ಬಿ ಹಿಡಿಯಲು ನಾಚಿಕೊಂಡ ಮನೆಯಲ್ಲಿ ಹೆಂಡತಿ 'ಬಂಜೆ' ಎನಿಸಿಕೊಳ್ಳುತ್ತಾಳೆ. ಕೆಲವು ಕಡೆ ಎರಡನೆಯ ಹೆಣ್ಣು ನೋಡುವ ಮಾತೂ ಏಳುತ್ತದೆ. ತಪ್ಪು ಗಂಡನಲ್ಲೇ ಇದ್ದರೆ ಆ ಎರಡನೆಯವಳ ಪಾಡೂ ಇಷ್ಟೇ ಅಲ್ಲವೇ? ಇತ್ತ ಹೆಂಡತಿಯ ವಯಸ್ಸು ಮಾತ್ರ ಯಾರಿಗೂ ಕಾಯುವುದಿಲ್ಲ. ಮೂವತ್ತೈದು ದಾಟಿದ ಮೇಲೆ ಅವಕಾಶ ಬೇಗ ಬೇಗ ಇಳಿಯುತ್ತದೆ.

ಅತ್ತೆಯವರೇ, ಮುಂದಿನ ಸಲ ಮೀರಜಕ್ಕೋ ಬೆಳಗಾವಿಗೋ ಟಿಕೆಟು ತೆಗೆಸುವಾಗ ಮಗನದೂ ಒಂದು ತೆಗೆಸಿರಿ.