ಸಾವಿರ ಪ್ರತಿಯ ಲೆಕ್ಕ

ಪುಸ್ತಕ ಪ್ರಕಾಶನ ಶುರು ಮಾಡಲು ಕಾಗದಪತ್ರದ ತಾಪತ್ರಯ ಹೆಚ್ಚಿಲ್ಲ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. 1954ರ ಕಾಯ್ದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಬಹಳ ಮಂದಿ ಕಳಿಸುವುದಿಲ್ಲ, ಅದು ಬೇರೆ ಮಾತು.

ಕಷ್ಟವಿರುವುದು ಹಾಕಿದ ದುಡ್ಡು ಯಾವಾಗ ವಾಪಸು ಬರುತ್ತದೆ ಎಂಬಲ್ಲಿ. ಡೆಮಿ ಅಷ್ಟಾಕಾರದ 160 ಪುಟದ ಪುಸ್ತಕ ಎನ್ನಿ. 16 ಪುಟಕ್ಕೆ ಒಂದು ಫಾರಂ, ಒಟ್ಟು ಹತ್ತು ಫಾರಂ. ಮುಖಬೆಲೆ 200 ರೂಪಾಯಿ. ಡಿಟಿಪಿ, ಕರಡು ತಿದ್ದುವುದು, ಮುಖಪುಟಕ್ಕೆ 15,000, ಸಾವಿರ ಪ್ರತಿ ಮುದ್ರಣಕ್ಕೆ ಪ್ರತಿಗೆ 65ರಂತೆ 65,000, ಒಟ್ಟು 80,000 ಎಂದು ಇಟ್ಟುಕೊಳ್ಳೋಣ. ಅಂಗಡಿಯವರಿಗೆ ಶೇ 40 ರಿಯಾಯಿತಿ ಕೊಟ್ಟರೆ ಕೈಗೆ ಬರುವುದು 120. ಅದರಲ್ಲಿ ಲೇಖಕರ ಗೌರವಧನ, ಮುಖಬೆಲೆಯ ಶೇ 10ರ ಲೆಕ್ಕದಲ್ಲಿ, 20. ಉಳಿಯುವ ನೂರರಲ್ಲಿ ಅಸಲು ಹುಟ್ಟಲು 800 ಪ್ರತಿ ಖರ್ಚಾಗಬೇಕು. ಅಂಗಡಿಯವರೋ ಮಾರಾಟವಾದ ಮೇಲೆ, ತಿಂಗಳುಗಳ ನಂತರ ಹಣ ಕೊಡುವವರು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಖುಷಿಪಡುವಂತೆಯೂ ಇಲ್ಲ. ಕಾಗದಕ್ಕೆ ತೆತ್ತ ತೆರಿಗೆಯನ್ನು ಹಿಂಪಡೆಯಲಾಗದೆ ಅದೂ ಖರ್ಚಿಗೇ ಸೇರುತ್ತದೆ.

ಅದೇ ಪುಸ್ತಕವನ್ನು ಶೇ 10 ರಿಯಾಯಿತಿಯಲ್ಲಿ ನೇರ ಓದುಗರಿಗೆ ಮಾರಿ, ಅಂಚೆವೆಚ್ಚ ಅವರದೇ ಆದರೆ, ಗೌರವಧನ ಕಳೆದು 160 ಸಿಗುತ್ತದೆ. 500 ಪ್ರತಿಗೇ ಅಸಲು ಕೈ ಸೇರಿತು.

ಧಾರವಾಡದಲ್ಲಿ ಜಿ.ಬಿ. ಜೋಶಿ 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಹಿಡಿದದ್ದು ಇದೇ ಜಾಡು: ಚಂದಾದಾರರನ್ನು ಕೂಡಿಸಿ ಅವರಿಗೆ ಪುಸ್ತಕ ಮುಟ್ಟಿಸುವುದು. ಗಿರೀಶ ಕಾರ್ನಾಡರ 'ಯಯಾತಿ' ಬಂದದ್ದು ಅಲ್ಲಿಂದಲೇ. ಹೊಸ ನಾಟಕಕಾರನ ಮೊದಲ ಕೃತಿಯನ್ನು ಅಚ್ಚು ಹಾಕುವ ಧೈರ್ಯಕ್ಕೆ ಇಂಥ ಓದುಗರ ಬಳಗಕ್ಕಿಂತ ದೊಡ್ಡ ಬೆಂಬಲ ಇರದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನೆಚ್ಚಿಕೊಂಡು ಸಂಸ್ಥೆ ಕಟ್ಟುವುದನ್ನು ನಾನಂತೂ ಯಾರಿಗೂ ಹೇಳಲಾರೆ. ಆಯ್ಕೆ, ಬಿಲ್ಲು, ಹಣ, ಯಾವುದರ ದಿನಾಂಕವೂ ನಮ್ಮ ಕೈಯಲ್ಲಿಲ್ಲ.

ಈಗ ಡಿಜಿಟಲ್ ಮುದ್ರಣದಲ್ಲಿ 200 ಪ್ರತಿ ಮಾತ್ರ ಹಾಕಿಸಬಹುದು. ಪ್ರತಿಗೆ 65ರ ಬದಲು 90 ಬಿದ್ದರೂ ಮುದ್ರಣಕ್ಕೆ ಹೋಗುವುದು 18,000. ಗೋದಾಮಿನಲ್ಲಿ ಗೆದ್ದಲಿಗೆ ಪಾಲಿಲ್ಲ. ಕರಡಿನ ಖರ್ಚಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ಅದನ್ನು ಹಿಡಿಯುವುದು ಯಂತ್ರವಲ್ಲ, ಎರಡು ಸಲ ಓದುವ ಮನುಷ್ಯ.

ಮಾಸಪತ್ರಿಕೆಯನ್ನೂ ತರುವ ಆಸೆಯಿದ್ದರೆ ಸ್ವಲ್ಪ ತಡೆಯಿರಿ. ಅದಕ್ಕೆ ಶೀರ್ಷಿಕೆಯ ನೋಂದಣಿ ಬೇಕು, ಜಾಹೀರಾತು ಬೇಕು, ಪ್ರತಿ ತಿಂಗಳೂ ತಪ್ಪದ ಖರ್ಚು ಬೇರೆ. ಮೊದಲು ಮುಂಗಡ ಕೊಟ್ಟು ಪುಸ್ತಕ ಕಾಯ್ದಿರಿಸುವ ನೂರು ಜನರ ಹೆಸರು, ವಿಳಾಸ, ಫೋನ್ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಆ ಪಟ್ಟಿ ತುಂಬಿದ ಮೇಲೆ ಮುದ್ರಕರ ಹತ್ತಿರ ಹೋಗಿ.