ಮೂಲೆಯ ಗಿಟಾರಿನಿಂದ ಕನಸಿನ ಗಿಟಾರಿಗೆ

ಮೊದಲ ಗಿಟಾರ್ ಕನಸಿನ ಗಿಟಾರ್ ಆಗಿರುವುದು ಅಪರೂಪ. ಕಾಲೇಜಿನಲ್ಲಿದ್ದಾಗ ಅಪ್ಪನನ್ನು ಕಾಡಿಬೇಡಿ ಕೊಡಿಸಿಕೊಂಡದ್ದೋ, ಮೊದಲ ಸಂಬಳದಲ್ಲಿ ತಂದದ್ದೋ ಇರುತ್ತದೆ. ಬಹುಪಾಲು ಮಂದಿಗೆ ಅದು ಕೋಲ್ಕತ್ತದ ಗಿವ್ಸನ್, ಇಲ್ಲವೇ ಯಮಾಹಾ ಎಫ್310. ನಾಲ್ಕು ಕಾರ್ಡ್ ಕಲಿತು, ಆಫೀಸಿನ ಕಾರ್ಯಕ್ರಮದಲ್ಲಿ ಎರಡು ಹಾಡು ನುಡಿಸಿದ ಮೇಲೆ ಕಣ್ಣು ಮೇಲಕ್ಕೆ ಹೋಗುತ್ತದೆ. ಒಬ್ಬರಿಗೆ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್ ಬೇಕು, ಇನ್ನೊಬ್ಬರಿಗೆ ಗಿಬ್ಸನ್ ಲೆಸ್ ಪಾಲ್, ಮತ್ತೊಬ್ಬರಿಗೆ ಮಾರ್ಟಿನ್. ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅಷ್ಟರಲ್ಲಿ ಫೋನಿನಲ್ಲಿ ‘ಇಎಂಐ’ ಅನ್ನೋ ಗುಂಡಿ ಕಾಣಿಸುತ್ತದೆ!

ಅದನ್ನು ಒತ್ತುವ ಮೊದಲು ಇನ್ನೊಂದು ದಾರಿ ನೋಡಿ. ಇರುವುದನ್ನು ಮಾರಿ, ಕೈಯಿಂದ ಒಂದಿಷ್ಟು ಸೇರಿಸಿ, ಒಂದು ಮೆಟ್ಟಿಲು ಮೇಲಿನದ್ದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದು. ಒಂದೆರಡು ವರ್ಷ ನುಡಿಸಿ, ಮತ್ತೆ ಅದೇ ಆಟ. ದೊಡ್ಡ ದೊಡ್ಡವರೂ ಹೀಗೆಯೇ ಹತ್ತಿದ್ದಾರೆ.

ಒಂದು ಗಿಟಾರಿನ ಕಥೆ

ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದ ಪೀಟರ್ ಗ್ರೀನ್ ಬಳಿ 1959ರ ಒಂದು ಲೆಸ್ ಪಾಲ್ ಇತ್ತು. 1970ರ ದಶಕದ ಆರಂಭದಲ್ಲಿ ಅದನ್ನು ಐರ್ಲೆಂಡಿನ ಹುಡುಗ ಗ್ಯಾರಿ ಮೂರ್‌ಗೆ ನುಡಿಸಲು ಕೊಟ್ಟರು. ಆಮೇಲೆ ‘ನೀನೇ ಇಟ್ಟುಕೋ’ ಎಂದರು. ಗ್ಯಾರಿ ಬಳಿ ಅಷ್ಟು ದುಡ್ಡೆಲ್ಲಿ? ನಿನ್ನ ಗಿಟಾರ್ ಮಾರು, ಬಂದಷ್ಟೇ ನನಗೆ ಕೊಡು ಎಂಬುದು ಗ್ರೀನ್ ಒಪ್ಪಂದ. ಗ್ಯಾರಿ ತನ್ನ ಗಿಬ್ಸನ್ ಎಸ್‌ಜಿ ಮಾರಿ ಅದನ್ನು ಪಡೆದರು. ‘ಗ್ರೀನಿ’ ಎಂದು ಹೆಸರಾದ ಆ ಗಿಟಾರ್ 2006ರಲ್ಲಿ ಗ್ಯಾರಿ ಕೈಬಿಟ್ಟಿತು. 2014ರಲ್ಲಿ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಪಾಲಾಯಿತು.

ಅಂಥ ಗುರು ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಒಂದು ಮಾತು ಗಮನಿಸಿ: ಮೇಲಿನ ಗಿಟಾರ್ ಬೇಕೆಂದರೆ ಗ್ಯಾರಿ ಕೂಡ ಕೈಯಲ್ಲಿದ್ದುದನ್ನು ಬಿಡಬೇಕಾಯಿತು.

ಲೆಕ್ಕ ಹಾಕೋಣ

ನಿಮ್ಮ ಕನಸಿನ ಗಿಟಾರ್ ಹೊಸದಾದರೆ 60,000 ರೂಪಾಯಿ, ಬಳಸಿದ್ದಾದರೆ 40,000 ಎಂದಿಟ್ಟುಕೊಳ್ಳಿ. ಮೊದಲು 9,000 ಕೊಟ್ಟು ಒಂದು ಹಳೆಯ ಗಿಟಾರ್ ತಂದಿರಿ. ವರ್ಷ ಕಳೆದು 8,000ಕ್ಕೆ ಮಾರಿ, 12,000 ಸೇರಿಸಿ 20,000ದ್ದು ಕೊಂಡಿರಿ. ಅದನ್ನು 18,000ಕ್ಕೆ ಮಾರಿ, 22,000 ಸೇರಿಸಿದರೆ ಕನಸಿನ ಗಿಟಾರ್ ಕೈಗೆ ಬಂತು. ಜೇಬಿನಿಂದ ಹೋದದ್ದು ಒಟ್ಟು 43,000, ಅದೂ ಮೂರು ಕಂತಿನಲ್ಲಿ, ಬಡ್ಡಿಯಿಲ್ಲದೆ. ನಷ್ಟ 3,000. ಅಷ್ಟು ದಿನ ಎರಡು ಗಿಟಾರ್ ನುಡಿಸಿದ್ದಕ್ಕೆ ಬಾಡಿಗೆ ಕೊಟ್ಟೆ ಅಂದುಕೊಂಡರಾಯಿತು.

ಈ ಲೆಕ್ಕದ ಗುಟ್ಟು ಒಂದೇ: ಹೊಸ ವಸ್ತುವಿನ ಬೆಲೆ ಅಂಗಡಿಯ ಬಾಗಿಲು ದಾಟಿದ ಕೂಡಲೇ ಇಳಿಯುತ್ತದೆ. ಆ ಇಳಿತವನ್ನು ಮೊದಲ ಮಾಲೀಕ ಹೊತ್ತಾಗಿದೆ. ಹೊಸದನ್ನು ಕೊಂಡು ಕೊಂಡು ಮಾರುತ್ತಾ ಹೋದರೆ ಪ್ರತಿ ಸಲವೂ ಆ ಹೊರೆ ನಿಮ್ಮದೇ.

ನಡುವಿನ ಮೆಟ್ಟಿಲುಗಳಿಂದ ಇನ್ನೊಂದು ಲಾಭವಿದೆ. ಸ್ಟ್ರ್ಯಾಟ್‌ನ ತಂತಿಯ ಉದ್ದ 25.5 ಇಂಚು, ಲೆಸ್ ಪಾಲ್‌ನದ್ದು 24.75. ಮುಕ್ಕಾಲು ಇಂಚು ವ್ಯತ್ಯಾಸ ಅಷ್ಟೇ. ಆದರೆ ಚಿಕ್ಕದರಲ್ಲಿ ತಂತಿ ಬೆರಳಿಗೆ ಸಡಿಲ ಅನಿಸುತ್ತದೆ, ಎಳೆಯುವುದು ಸಲೀಸು. ಕುತ್ತಿಗೆಯ ದಪ್ಪ, ಭುಜದ ಮೇಲಿನ ಭಾರ, ಇವೆಲ್ಲ ವಿಡಿಯೊ ನೋಡಿದರೆ ತಿಳಿಯುವುದಿಲ್ಲ, ತಿಂಗಳುಗಟ್ಟಲೆ ನುಡಿಸಿದರೆ ತಿಳಿಯುತ್ತದೆ. ಎಷ್ಟೋ ಜನರ ‘ಕನಸಿನ ಗಿಟಾರ್’ ಎರಡನೇ ಮೆಟ್ಟಿಲಲ್ಲೇ ಬದಲಾಗಿಬಿಡುತ್ತದೆ. 60,000 ಸುರಿಯುವ ಮುಂಚೆ ಅದು ಗೊತ್ತಾದರೆ ಒಳ್ಳೆಯದಲ್ಲವೇ?

ನೆಲ ಡೊಂಕೋ, ಕುಣಿತ ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿಟಾರಿನ ವಿಷಯದಲ್ಲಿ ಮಾತ್ರ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ತಂತಿ ಎತ್ತರವಾಗಿ ಬೆರಳು ನೋಯುವುದು, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ತಪ್ಪುವುದು ನಿಮ್ಮ ದೋಷವಲ್ಲದಿರಬಹುದು. ಹಾಗಾಗಿ ಮಾರುವ ಮೊದಲು ಹೊಸ ತಂತಿ ಹಾಕಿಸಿ, ಒಳ್ಳೆಯ ರಿಪೇರಿಯವರ ಹತ್ತಿರ ಸೆಟಪ್ ಮಾಡಿಸಿ. ಎರಡರಲ್ಲಿ ಒಂದಾಗುತ್ತದೆ: ಮಾರಾಟಕ್ಕೆ ಇಟ್ಟರೆ ಒಳ್ಳೆಯ ಬೆಲೆ ಬರುತ್ತದೆ, ಇಲ್ಲವೇ ‘ಇದೇ ಚೆನ್ನಾಗಿದೆಯಲ್ಲ’ ಅಂತ ಮಾರುವ ಯೋಚನೆಯೇ ಬಿಟ್ಟುಹೋಗುತ್ತದೆ.

ಕೊಳ್ಳಲು ಹೋದಾಗ ಇಷ್ಟು ನೋಡಿ:

- ತಲೆಯ ಕಡೆಯಿಂದ ಕುತ್ತಿಗೆಯ ಉದ್ದಕ್ಕೆ ಕಣ್ಣು ಹಾಯಿಸಿ. ತಿರುಚಿದ್ದರೆ ಕೈಮುಗಿದು ಬನ್ನಿ. ಸ್ವಲ್ಪ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು.
- ಪ್ರತಿ ತಂತಿಯನ್ನು ಪ್ರತಿ ಫ್ರೆಟ್‌ನಲ್ಲೂ ಒತ್ತಿ ನುಡಿಸಿ. ಗಿರ್ರ್ ಸದ್ದು ಬಂದರೆ ಕಾರಣ ಕೇಳಿ.
- 12ನೇ ಫ್ರೆಟ್ ಒತ್ತಿದಾಗಿನ ಸ್ವರ ಬಿಟ್ಟ ತಂತಿಯ ಮೇಲಿನ ಷಡ್ಜವಾಗಿರಬೇಕು. ಫೋನಿನ ಟ್ಯೂನರ್ ಸಾಕು.
- ಅಕೌಸ್ಟಿಕ್ ಆದರೆ ಬ್ರಿಜ್ ಅಂಚಿನಲ್ಲಿ ಕಾಗದ ತೂರುತ್ತದೆಯೇ ನೋಡಿ. ತೂರಿದರೆ ಅಂಟು ಬಿಡುತ್ತಿದೆ.
- ಎಲೆಕ್ಟ್ರಿಕ್ ಆದರೆ ಆಂಪ್‌ಗೆ ಹಚ್ಚಿ ಪ್ರತಿ ಗುಂಡಿ, ಸ್ವಿಚ್ಚು ತಿರುಗಿಸಿ ಕೇಳಿ.

ಗಿಟಾರನ್ನು ಕೈಯಲ್ಲಿ ಹಿಡಿಯದೆ ಮುಂಗಡ ಕಳಿಸಬೇಡಿ. ಮಾರುವಾಗಲೂ ಹುಷಾರು: ಹಣ ‘ಪಡೆಯಲು’ ಕ್ಯೂಆರ್ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಹಾಕಿ ಅಂದರೆ ಅದು ಮೋಸ. ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹಣ ಹೋಗಲು, ಬರಲು ಅಲ್ಲ.

ನಮ್ಮ ಘಟ್ಟದ ಮರ

ದುಬಾರಿ ಅಕೌಸ್ಟಿಕ್ ಕನಸು ಕಾಣುವವರಿಗೆ ಒಂದು ಸ್ವಾರಸ್ಯ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28ರ ಬೆನ್ನು ಮತ್ತು ಪಕ್ಕಗಳಿಗೆ ಮೊದಲು ಬ್ರೆಜಿಲ್ ರೋಸ್‌ವುಡ್ ಬಳಸುತ್ತಿತ್ತು. ಅದು ಸಿಗುವುದು ಕಷ್ಟವಾದಾಗ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅದೇ ನಮ್ಮ ಬೀಟೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಮರ. ಅದಕ್ಕೆ ಬೇಕಾದ ಆರೈಕೆ ಕೂಡ ಸರಳ. ಗಾಳಿಯ ತೇವ ಶೇ 45ರಿಂದ 55 ಇದ್ದರೆ ಕ್ಷೇಮ. ಮಂಗಳೂರಿನ ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಮೇಲೇಳುತ್ತದೆ. ಗಿಟಾರ್ ಪೆಟ್ಟಿಗೆಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇಡಿ.

ಕೊನೆಗೊಂದು ಮಾತು. ಮೆಟ್ಟಿಲು ಹತ್ತುವ ಹುರುಪಿನಲ್ಲಿ ಮಾರಾಟದ ಫೋಟೊ ತೆಗೆಯುವುದೇ ಅಭ್ಯಾಸವಾಗಿ, ನುಡಿಸುವ ಅಭ್ಯಾಸ ತಪ್ಪಿಹೋಗಬಾರದು. ಈಗಿನ ಗಿಟಾರಿನಲ್ಲಿ ನಿಮ್ಮಿಂದ ಆಗದೇ ಇರುವುದು ಏನು ಅಂತ ಒಂದೇ ವಾಕ್ಯದಲ್ಲಿ ಹೇಳಲು ಬಂದರೆ ಮಾರಿ. ಬಾರದಿದ್ದರೆ ಇನ್ನಾರು ತಿಂಗಳು ನುಡಿಸಿ. ಅಪ್ಪ ಕೊಡಿಸಿದ್ದು, ಗೆಳೆಯ ಬಿಟ್ಟುಹೋದದ್ದು ಇದ್ದರೆ ಅದನ್ನು ಈ ಲೆಕ್ಕಕ್ಕೇ ಸೇರಿಸಬೇಡಿ. ಅದರ ಬೆಲೆ ಸಾವಿರವೋ ಎರಡು ಸಾವಿರವೋ ಬರಬಹುದು. ಆದರೆ ಎಷ್ಟು ಕೊಟ್ಟರೂ ಅದೇ ಗಿಟಾರ್ ಮತ್ತೆ ಸಿಗುವುದಿಲ್ಲ.