ಕತ್ತಿಗಿಂತ ಮೊದಲು ಕೊಕ್ಕೆ

ಮೂಡಿಗೆರೆ, ಕಳಸದ ಕಡೆ ತೋಟದ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ನೋಡಬೇಕು. ಸೊಂಟದ ಹಿಂಭಾಗದಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಅಂಗೈಯಗಲದ ಮರದ ತುಂಡು, ಅದರಲ್ಲಿ ಅಲಗು ಇಳಿಯುವಷ್ಟು ಸಂದು, ಬಿಗಿದು ಕಟ್ಟಲು ಹಗ್ಗವೋ ಬೆಲ್ಟೋ. ಇಷ್ಟೇ ಸಾಮಾನು. ನೆರಳುಮರದ ಕೊಂಬೆ ಸವರುವ ಮರಗಸಿಗೆ ಏಣಿ ಹತ್ತುವವನ ಎರಡು ಕೈಯೂ ಬಿಡುವಾಗಿರುವುದು ಇದರಿಂದಲೇ. ಮೇಲೆ ಹೋಗಿ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದನ್ನು ಹಿಂದಕ್ಕೆ ಒಯ್ದರೆ ಕತ್ತಿಯ ಹಿಡಿ ನೋಡದೆಯೇ ಸಿಗುತ್ತದೆ. ಹಾಲವಾಣದ ಎರಡು ರೆಂಬೆ ಕಡಿದ ಮೇಲೆ ಕತ್ತಿ ಮತ್ತೆ ಅಲ್ಲಿಗೇ. ಕೊಡಗಿನಲ್ಲೂ ಒಡಿಕತ್ತಿಯ ಜಾಗ ಬೆನ್ನ ಹಿಂದೆಯೇ. ಅದನ್ನು ಸಿಕ್ಕಿಸುವುದು ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಗೆ.

ಚಾರಣಕ್ಕೆ ಬರುವ ಹುಡುಗರು ತಮ್ಮ ಚಾಕುವಿನ ಅಲಗಿನ ಉದ್ದ ಹೇಳುತ್ತಾರೆ, ಸ್ಟೀಲಿನ ನಂಬರು ಹೇಳುತ್ತಾರೆ. ‘ಎಲ್ಲಿಟ್ಕೊಳ್ತೀಯಪ್ಪ?’ ಅಂದರೆ, ‘ಬ್ಯಾಗಲ್ಲಿ’ ಅನ್ನುತ್ತಾರೆ. ಬ್ಯಾಗಿನ ತಳದಲ್ಲಿ ಮಳೆಕೋಟಿನ ಕೆಳಗೆ ಕೂತ ಚಾಕು ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ. ಸೊಂಟದ ಮುಂದೆ ನೇತುಬಿಟ್ಟದ್ದು ಇನ್ನೂ ಕೆಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಇಳಿಜಾರುಗಳಲ್ಲಿ ಜಾರದೆ ನಡೆದವರಿಲ್ಲ. ಮುಂದಕ್ಕೆ ಮುಗ್ಗರಿಸಿದವನ ತೊಡೆಗೂ ಹೊಟ್ಟೆಗೂ ಅಲಗು ಹತ್ತಿರವಿರಬಾರದು. ಚಾಕು ಆರಿಸುವುದಕ್ಕೂ ಮುಂಚೆ ಅದು ಮೈಮೇಲೆ ಎಲ್ಲಿ ಕೂರಬೇಕು ಎನ್ನುವುದು ತೀರ್ಮಾನವಾಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಳೆಯ ಇನ್ನೊಂದು ಉಪದ್ರವ ತುಕ್ಕು. ಅಂಗಡಿಯಲ್ಲಿ ಚೆಂದ ಕಾಣುವ ಚರ್ಮದ ಒರೆ ಮಲೆನಾಡಿನಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ನೀರು ಕುಡಿದ ಚರ್ಮ ಅದನ್ನು ಅಲಗಿಗೇ ಉಣಿಸುತ್ತದೆ. ಮರದ ಕೊಕ್ಕೆಯಲ್ಲಿ ಅಲಗಿಗೆ ಗಾಳಿಯಾಡುತ್ತದೆ, ಆರುತ್ತದೆ. ಕಾರ್ಬನ್ ಉಕ್ಕಿನದಾದರೆ ಸಂಜೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಬೇಕು. ಅಷ್ಟು ವ್ಯವಧಾನ ಇಲ್ಲದವರು ಸ್ಟೇನ್‌ಲೆಸ್ ಸ್ಟೀಲಿನ ಚಾಕು, ಪ್ಲಾಸ್ಟಿಕ್ ಒರೆ ಕೊಳ್ಳುವುದೇ ಸರಿ.

ತೋಟದ ಕತ್ತಿಯ ಹುಟ್ಟು ಆಚಾರಿಯ ಕುಲುಮೆಯಲ್ಲಿ, ಹೆಚ್ಚಿನಂಶ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಆ ಉಕ್ಕಿನಲ್ಲಿ ಕಾರ್ಬನ್ ಸುಮಾರು ಶೇ 0.6ರಷ್ಟಿರುತ್ತದೆ. ಕೆಂಪಗೆ ಕಾಯಿಸಿ ಅದ್ದಿದರೆ ಗಡಸಾಗುತ್ತದೆ, ಆದರೆ ಹಾಗೇ ಬಿಟ್ಟರೆ ಮರದ ಗಂಟಿಗೆ ಬಡಿದ ಕೂಡಲೇ ಬಾಯಿ ಮುಕ್ಕಾಗುತ್ತದೆ. ಅದಕ್ಕೇ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ ಇನ್ನೊಮ್ಮೆ ಸಣ್ಣ ಶಾಖ ಕೊಡುವುದು. ಆಗ ಉಕ್ಕಿನ ಮೇಲೆ ಬಣ್ಣ ಓಡತೊಡಗುತ್ತದೆ. 220–230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಹರಿತ ಬಾಳುತ್ತದೆ, ಪೆಟ್ಟು ತಡೆಯುವುದಿಲ್ಲ. ನೀಲಿ ದಾಟಿಸಿದರೆ ಬಾಯಿ ಬೇಗ ಮೊಂಡಾಗುತ್ತದೆ. ಕಡಿಯುವ ಕತ್ತಿಯ ಹದ ಇವೆರಡರ ನಡುವೆ ಎಲ್ಲೋ ಇದೆ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಅದನ್ನು ಹಿಡಿಯುವುದು ಆಚಾರಿಯ ಕಣ್ಣು. ಈ ವಿದ್ಯೆಗೆ ನಾವು ಕೊಡುವ ಬೆಲೆ ತೀರಾ ಕಡಿಮೆ.

ಕೊಳ್ಳುವಾಗ ಹಿಡಿಯನ್ನು ಹಿಡಿದು ಅಲ್ಲಾಡಿಸಿ ನೋಡಿ. ಸಡಿಲವಾದ ಹಿಡಿಯಿಂದ ಅಲಗು ಹಾರಿದರೆ ಪಕ್ಕದವರ ಗತಿ ಏನು? ಕತ್ತಿಯ ತುದಿ ಒಳಕ್ಕೆ ಬಾಗಿರುವುದೂ ಸುಮ್ಮನೆ ಅಲ್ಲ. ಲಂಟಾನದ ಮುಳ್ಳಿನ ರೆಂಬೆಗೆ ಕೈ ಹಾಕದೆ ಎಳೆದುಕೊಂಡು ಕಡಿಯಲು ಆ ಬಾಗು ಬೇಕು.

ಚಾರಣಿಗನಿಗೆ ಇಂಥ ಕತ್ತಿ ಬೇಕಿಲ್ಲ. ಹಣ್ಣು ಹೆಚ್ಚಲು, ಹಗ್ಗ ತುಂಡರಿಸಲು, ಬ್ಯಾಂಡೇಜ್ ಕತ್ತರಿಸಲು ಮೂರು ಇಂಚಿನ ಅಲಗು ಧಾರಾಳ. ಮಡಚುವ ಚಾಕುವಾದರೆ ಬಿಚ್ಚಿದಾಗ ಲಾಕ್ ಆಗುವಂಥದ್ದಿರಲಿ, ಇಲ್ಲದಿದ್ದರೆ ಒತ್ತಿದಾಗ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟರೆ ಎತ್ತಿಕೊಳ್ಳಬೇಕು ಎಂದು ಮನೆಯ ಹಿರಿಯರು ಹೇಳುವುದನ್ನು ಬೆಟ್ಟದ ಮೇಲೂ ಪಾಲಿಸಿದರೆ ಒಳ್ಳೆಯದು.

ಇನ್ನು ಕಾನೂನು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳೂ ಇವೆ. ಮನೆಬಳಕೆಗೆ, ಕೃಷಿಗೆಂದೇ ಮಾಡಿದವು ಅದರಿಂದ ಹೊರಗೆ. ತೋಟದ ಕತ್ತಿಗೆ ತೋಟದಲ್ಲಿ ಅಡ್ಡಿಯಿಲ್ಲ. ಅದನ್ನೇ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಂತರೆ ಪೊಲೀಸರು ಕೇಳಿಯೇ ಕೇಳುತ್ತಾರೆ. ಕಾಡಿನ ನಿಯಮ ಇದಕ್ಕಿಂತ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುವ ‘ಆಯುಧ’ದಲ್ಲಿ ಬಂದೂಕು, ಬಲೆ, ಉರುಳಿನ ಜೊತೆ ಚಾಕುವೂ ಸೇರಿದೆ, ಅಳತೆಯ ಮಾತೇ ಇಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಹೊಗುವಂತಿಲ್ಲ ಎನ್ನುತ್ತದೆ 31ನೇ ಸೆಕ್ಷನ್. ರಾಷ್ಟ್ರೀಯ ಉದ್ಯಾನಗಳಿಗೂ ಅದೇ ಅನ್ವಯ. ಭದ್ರಾ ಅಭಯಾರಣ್ಯವಾಗಲಿ, 1987ರಲ್ಲಿ ಘೋಷಣೆಯಾದ ಕುದುರೆಮುಖ ಉದ್ಯಾನವಾಗಲಿ, ಒಳಗೆ ಹೋಗುವವರು ಇದನ್ನು ತಿಳಿದಿರಬೇಕು. ನನಗೆ ಈ ನಿಯಮ ಅತಿ ಅನ್ನಿಸುವುದಿಲ್ಲ. ಕೈಯಲ್ಲಿ ಕತ್ತಿಯಿದ್ದರೆ ಎಳೆಯ ಗಿಡವೊಂದನ್ನು ಸವರಿ ಊರುಗೋಲು ಮಾಡಿಕೊಳ್ಳುವ ಮನಸ್ಸಾಗುತ್ತದೆ, ಶೋಲಾ ಕಾಡಿನಲ್ಲಿ ಆ ಗಿಡ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

ಹಾಗಾಗಿ ಕುದುರೆಮುಖ ಹತ್ತುವವರು ಕಳಸದಲ್ಲೋ ಸಂಸೆಯಲ್ಲೋ ಉಳಿದ ಮನೆಯಲ್ಲೇ ಚಾಕು ಬಿಟ್ಟುಬಿಡಿ. ಹಣ್ಣನ್ನು ಹೊರಡುವ ಮೊದಲೇ ಹೆಚ್ಚಿ ಡಬ್ಬಿಗೆ ತುಂಬಿಕೊಳ್ಳಿ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಮೇಲಕ್ಕೆ ಕಾಲುದಾರಿ ಸವೆದೇ ಇದೆ, ಜೊತೆಗೆ ಗೈಡ್ ಇರುತ್ತಾರೆ, ದೂರದವರೆಗೆ ಬರೀ ಹುಲ್ಲುಗಾವಲು. ಹಳು ಕಡಿದು ದಾರಿ ಮಾಡಿಕೊಳ್ಳುವ ಪ್ರಸಂಗ ಅಲ್ಲಿ ಬರುವುದಿಲ್ಲ.